ಬಸಿರಿನ ಬಿಪಿ: ಹೆರಿಗೆಯ ನಂತರ ಏನು ನೋಡಬೇಕು

ಬಸಿರಿನ 20 ವಾರ ಕಳೆದ ಮೇಲೆ ಮೊದಲ ಸಲ ಬಿಪಿ 140/90 ಮುಟ್ಟಿ, ಕನಿಷ್ಠ 4 ಗಂಟೆ ಬಿಟ್ಟು ಅಳೆದಾಗಲೂ ಹಾಗೇ ಇದ್ದರೆ ಅದು ಗರ್ಭಾವಸ್ಥೆಯ ಅಧಿಕ ರಕ್ತದೊತ್ತಡ. ಮೇಲಿನ, ಕೆಳಗಿನ ಅಂಕಿಗಳಲ್ಲಿ ಒಂದು ಏರಿದರೂ ಸಾಕು. ಜೊತೆಗೆ ಮೂತ್ರದಲ್ಲಿ ದಿನಕ್ಕೆ 300 ಮಿ.ಗ್ರಾಂ. ಪ್ರೋಟೀನ್ ಹೋದರೆ ಅದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಿಪಿಯ ಜೊತೆ ಬೇರೆ ಅಂಗಗಳಿಗೂ ತೊಂದರೆ ಕೊಡುವ ಬಸಿರಿನ ರೋಗ. ಪ್ರೋಟೀನ್ ಇಲ್ಲದೆಯೂ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 1 ಲಕ್ಷಕ್ಕಿಂತ ಕೆಳಗಿಳಿದರೆ ಅಥವಾ ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯೇಟಿನಿನ್ 1.1 ಮಿ.ಗ್ರಾಂ./ಡಿ.ಎಲ್. ದಾಟಿದರೆ ಅದೇ ರೋಗ. ಪ್ರೋಟೀನ್ ಒಂದನ್ನೇ ನೆಚ್ಚಬೇಡಿ. ಅಳೆಯುವಾಗ 5 ನಿಮಿಷ ಕೂರಿಸಿ, ತೋಳು ಎದೆಯ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳೇ ಹೆಚ್ಚು ತೋರುತ್ತದೆ.

ಮಾಸು ಬಿದ್ದರೆ ಕಾಯಿಲೆಯೂ ಹೋಯಿತು ಎಂಬ ಮಾತು ಅರ್ಧ ಸತ್ಯ. ಗರ್ಭಕೋಶದ ಸುರುಳಿ ರಕ್ತನಾಳಗಳು ಸರಿಯಾಗಿ ಅಗಲವಾಗದೆ ಮಾಸಿಗೆ ರಕ್ತ ಸಾಲದಾದಾಗ, ಅದು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಹೆಚ್ಚಾಗಿ ಬಿಡುತ್ತದೆ. ರಕ್ತನಾಳಗಳ ಒಳಪದರ ಕೆಡುವುದು ಇದರಿಂದ. ಹೆರಿಗೆಯಾದ ಮೇಲೆ ಈ ಪ್ರೋಟೀನ್ ಇಳಿಯುತ್ತದೆ, ಆದರೆ ಹಲವರಲ್ಲಿ ನಾಳಗಳ ಬಿಗಿತ, ಹೃದಯದ ಎಡಕೋಣೆಯ ದಪ್ಪ ಉಳಿಯುತ್ತವೆ. ತೂಕ, ಸಕ್ಕರೆ, ಕುಟುಂಬದ ಬಿಪಿಯಂಥ ಮೊದಲೇ ಇದ್ದ ಕಾರಣಗಳೂ ಸೇರುತ್ತವೆ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು, ಹೃದಯ ವೈಫಲ್ಯದ್ದು ಸುಮಾರು ನಾಲ್ಕು ಪಟ್ಟು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದಿದ್ದರೆ ಅಪಾಯ ಇನ್ನೂ ಹೆಚ್ಚು.

ಬಾಣಂತಿಯ ಬಿಪಿ ಅತಿ ಹೆಚ್ಚು ಏರುವುದು 3ರಿಂದ 6ನೇ ದಿನದೊಳಗೆ, ಅಂದರೆ ಹಲವರು ಮನೆಗೆ ಹೋದ ಮೇಲೆ. ಹಾಗಾಗಿ 72 ಗಂಟೆಯೊಳಗೊಮ್ಮೆ, 7–10ನೇ ದಿನಕ್ಕೊಮ್ಮೆ ಅಳೆಯಲೇಬೇಕು. ತಲೆನೋವು, ಕಣ್ಣು ಮಂಜಾಗುವುದನ್ನು ನಿದ್ದೆಗೇಡಿಗೆ ಹಚ್ಚಬೇಡಿ. 160/110 ಆಗಿ 15 ನಿಮಿಷ ಇಳಿಯದಿದ್ದರೆ ತುರ್ತು. 30–60 ನಿಮಿಷದೊಳಗೆ ಔಷಧ ಬೀಳಬೇಕು.

ಹೆರಿಗೆಯಾಗಿ 12 ವಾರ ಕಳೆದರೂ ಬಿಪಿ ಇದ್ದರೆ ಅದು ದೀರ್ಘಕಾಲದ್ದು. ಇಳಿದರೂ ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಬಿಡಬೇಡಿ. ನಮ್ಮ ಸರ್ಕಾರಿ ಬಿಪಿ–ಶುಗರ್ ತಪಾಸಣೆ 30 ವರ್ಷಕ್ಕೆ ಶುರುವಾಗುತ್ತದೆ. 22ಕ್ಕೆ ಹೆತ್ತವಳು ಎಂಟು ವರ್ಷ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಈ ತೂತು ಮುಚ್ಚಲೇಬೇಕು. ಎನಾಲಾಪ್ರಿಲ್ ಎಂಬ ಬಿಪಿ ಮಾತ್ರೆಯನ್ನು ಹಾಲುಣಿಸುವಾಗ ಕೊಡಬಹುದು, ಬಸಿರಿನಲ್ಲಿ ಕೂಡದು. ಆದ್ದರಿಂದ ಗರ್ಭನಿರೋಧಕದ ಮಾತು ಮಾತ್ರೆ ಬರೆದ ದಿನವೇ ಆಡಿ. ಮುಂದಿನ ಬಸಿರಿನಲ್ಲಿ ವೈದ್ಯರ ಸಲಹೆಯಂತೆ 12ನೇ ವಾರದಿಂದ, 16 ತುಂಬುವ ಮೊದಲೇ, ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುವಾಗಬೇಕು.

ತಾಯಿ ಕಾರ್ಡಿನಲ್ಲಿ ‘ಬಿಪಿ ಇತ್ತು’ ಎಂದಷ್ಟೇ ಬರೆದರೆ ಹತ್ತು ವರ್ಷದ ನಂತರ ನೋಡುವ ವೈದ್ಯರಿಗೆ ಏನೂ ತಿಳಿಯದು. ಎಷ್ಟನೇ ವಾರಕ್ಕೆ ಶುರುವಾಯಿತು, ಅತಿ ಹೆಚ್ಚು ಎಷ್ಟಿತ್ತು, ಪ್ರೋಟೀನ್ ಎಷ್ಟು, ಯಾವ ಔಷಧ, ಎಷ್ಟನೇ ವಾರಕ್ಕೆ ಹೆರಿಗೆ, ಮಗುವಿನ ತೂಕ ಎಷ್ಟು: ಇವಿಷ್ಟನ್ನೂ ಬರೆಯಿಸಿಕೊಂಡು ಕಾರ್ಡನ್ನು ಜೋಪಾನ ಮಾಡಲು ಹೇಳಿ.