ಕೊಯ್ಲಿನ ತಿಂಗಳಲ್ಲಿ ಹಾಜರಿ: ಪ್ರೊಬೇಷನ್ ಷರತ್ತು ಯಾಕೆ ಸಡಿಲವಾಗಬೇಕು

ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ನನ್ನ ಕಕ್ಷಿದಾರನೊಬ್ಬ ಹಾಸನದ ಆಫೀಸಿಗೆ ಬಂದ. "ಸರ್, ಈ ತಿಂಗಳೂ ಹಾಜರಿ ಹಾಕಲೇಬೇಕಾ? ಕೊಯ್ಲು ಬಿಟ್ಟು ಬಂದ್ರೆ ತೋಟದ ಕೆಲಸ ನೋಡ್ಕೊಳ್ಳೋ ರೈಟ್ರು ಬೇರೆಯವರನ್ನ ಹಾಕ್ಕೋತಾರೆ" ಎಂದ.

ಜಾತ್ರೆಯಲ್ಲಿ ಕುಡಿದು ಒಬ್ಬನಿಗೆ ಹೊಡೆದಿದ್ದ. ಮೊದಲ ಕೇಸು. ಜಡ್ಜ್ ಜೈಲಿಗೆ ಕಳಿಸಲಿಲ್ಲ. ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ ಷರತ್ತಿನ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಎರಡು ವರ್ಷಕ್ಕೆ ಬಾಂಡ್ (ಮುಚ್ಚಳಿಕೆ) ಬರೆಸಿಕೊಂಡು ಬಿಟ್ಟರು. ಕುಡಿಯಬಾರದು, ಬೇಲೂರಿನ ಹತ್ತಿರದ ತನ್ನ ಊರಲ್ಲೇ ಇರಬೇಕು, ತಿಂಗಳಿಗೊಮ್ಮೆ ಪ್ರೊಬೇಷನ್ ಆಫೀಸರ್ ಮುಂದೆ ಬರಬೇಕು. ಆಗ ಅವನಿಗೆ ಊರಲ್ಲೇ ಗಾರೆ ಕೆಲಸ ಇತ್ತು, ಷರತ್ತು ಸರಿಯಾಗೇ ಇತ್ತು. ಆಮೇಲೆ ಕೆಲಸ ನಿಂತು ಸಕಲೇಶಪುರದ ಆಚೆ ತೋಟ ಸೇರಿ, ಹೆಂಡತಿ ಮಕ್ಕಳ ಜೊತೆ ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲಿ ಉಳಿದುಕೊಂಡ. ಅಲ್ಲಿಗೆ ಬಾಂಡ್ ಮುರಿದಂತಾಯಿತು. ಕುಡಿಯೋದನ್ನು ಮಾತ್ರ ಅವನು ಪೂರ್ತಿ ಬಿಟ್ಟಿದ್ದ.

ಷರತ್ತು ಹಾಕುವ ದಿನ ಜಡ್ಜ್ ಕೈಯಲ್ಲಿ ಸಾಕಷ್ಟು ಅಧಿಕಾರ ಇರುತ್ತದೆ. ಎಲ್ಲಿರಬೇಕು, ಏನು ಬಿಡಬೇಕು, ಎಲ್ಲವನ್ನೂ ಆ ಮನುಷ್ಯನ ಪರಿಸ್ಥಿತಿ ನೋಡಿ ಬರೆಯಬಹುದು. ತೊಡಕು ಇರೋದು ಆಮೇಲೆ. 8ನೇ ಸೆಕ್ಷನ್ ಪ್ರಕಾರ ಷರತ್ತು ಬದಲಿಸಲು ಪ್ರೊಬೇಷನ್ ಆಫೀಸರ್ ಅರ್ಜಿ ಹಾಕಬೇಕು. ಬಾಂಡ್ ಬರೆದುಕೊಟ್ಟವನೇ ನೇರವಾಗಿ ಕೇಳಲು ಆ ಸೆಕ್ಷನ್‌ನಲ್ಲಿ ದಾರಿಯಿಲ್ಲ. ನಾವು ಆಫೀಸರ್‌ಗೆ ಪತ್ರ ಕೊಟ್ಟೆವು, ಅವರು ಒಪ್ಪಿದರು ಕೂಡ, ಆದರೆ ಅರ್ಜಿ ಕೋರ್ಟ್ ಮುಂದೆ ಬರುವಷ್ಟರಲ್ಲಿ ಕೊಯ್ಲೇ ಮುಗಿದಿತ್ತು.

ಷರತ್ತು ಮುರಿದರೆ 9ನೇ ಸೆಕ್ಷನ್. ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಇಲ್ಲ, ಮೊದಲ ಸಲದ ತಪ್ಪಾದರೆ 50 ರೂಪಾಯಿವರೆಗೆ ದಂಡ ಹಾಕಿ ಬಾಂಡ್ ಮುಂದುವರಿಸಬಹುದು. ಹೌದು, ಐವತ್ತೇ ರೂಪಾಯಿ, 1958ರಿಂದಲೂ ಅಷ್ಟೇ! ಒಂದು ಕಡೆ ಜೈಲು, ಇನ್ನೊಂದು ಕಡೆ ಒಂದು ಊಟಕ್ಕೂ ಸಾಲದ ದಂಡ. ಒಂದು ತಿಂಗಳು ಹಾಜರಿ ತಪ್ಪಿಸಿದವನಿಗೆ ಇನ್ನೆರಡು ತಿಂಗಳು ವಾರಕ್ಕೊಮ್ಮೆ ಬಾ ಎನ್ನುವ ಆದೇಶವನ್ನು ಆ ಸೆಕ್ಷನ್‌ನಲ್ಲೇ ಕೊಡುವಂತಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ?

ಜಡ್ಜ್‌ಗೆ ಜಾಸ್ತಿ ಬಿಟ್ಟರೆ ಕೋರ್ಟಿಗೊಂದು ನ್ಯಾಯ ಆಗುತ್ತದೆ ಎಂದು ನನ್ನ ಜೊತೆಯ ವಕೀಲರೇ ಹೇಳುತ್ತಾರೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೇ ನಾನು ಕೇಳೋದು ಇಷ್ಟು: ಬಾಂಡ್ ಬರೆದವನೂ ಅರ್ಜಿ ಹಾಕಬಹುದು ಎನ್ನಿ, ಆಫೀಸರ್ ವರದಿ ತರಿಸಿ, ಏಟು ತಿಂದವರ ಮಾತೂ ಕೇಳಿ, ಷರತ್ತನ್ನು ಸಡಿಲಿಸಿದರೂ ಬಿಗಿ ಮಾಡಿದರೂ ಕಾರಣ ಬರೆಯಿರಿ.

ಅಲ್ಲಿಯವರೆಗೆ, ಬಾಂಡ್ ಮೇಲೆ ಇರುವವರಿಗೆ ಒಂದು ಮಾತು. ಕೆಲಸವೋ ಮನೆಯೋ ಬದಲಾಗುತ್ತದೆ ಎಂದು ಗೊತ್ತಾದ ಕೂಡಲೇ, ಹಾಜರಿ ತಪ್ಪುವ ಮೊದಲೇ, ಆಫೀಸರ್‌ಗೆ ಬರೆದು ಕೊಡಿ. ತೋಟದಿಂದ ಒಂದು ಚೀಟಿ ಬರೆಸಿ ಲಗತ್ತಿಸಿ. ಕೊಟ್ಟ ಪತ್ರದ ಪ್ರತಿಗೆ ಸೀಲ್ ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ.