ಹೊಸ ಕರ್ನೆಲ್‌ಗೆ ಹಳೆ ಅಳತೆಯ ಡ್ರೈವರ್

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಸನದ ಕಾಲೇಜು ಹುಡುಗರ ಲ್ಯಾಪ್‌ಟಾಪುಗಳಿಗೆಲ್ಲ ಒಂದೇ ಕಾಯಿಲೆ. ಲಿನಕ್ಸ್ ಕರ್ನೆಲ್‌ಗೆ (ಇಡೀ ಯಂತ್ರವನ್ನು ನಡೆಸುವ ಒಳತಿರುಳಿಗೆ) ಹೊಸ ಸಿಸ್ಟಮ್ ಕಾಲ್ ಸೇರಿಸುವ ಪ್ರಾಜೆಕ್ಟ್ ಇರುತ್ತದೆ. ರಾತ್ರಿಯೆಲ್ಲ ಕೂತು ಕಂಪೈಲ್ ಮಾಡಿರುತ್ತಾರೆ. ಬೆಳಿಗ್ಗೆ ರೀಬೂಟ್ ಮಾಡಿದರೆ ಪರದೆ ಕಪ್ಪಗೆ, ಇಲ್ಲವೇ ಅಕ್ಷರಗಳೆಲ್ಲ ಊದಿಕೊಂಡು 1024×768ರಲ್ಲಿ ನಿಂತಿರುತ್ತದೆ. "ಸಾರ್, ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅನ್ಸುತ್ತೆ." ಕಾರ್ಡ್ ಎಲ್ಲಿಗೂ ಹೋಗಿರುವುದಿಲ್ಲ. ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆ ಕರ್ನೆಲ್ ಆರಿಸಿದರೆ ಅದೇ ಕಾರ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಇಡೀ ಉಬುಂಟುವನ್ನು ಅಳಿಸಿ ಮತ್ತೆ ಹಾಕುವವರೂ ಇದ್ದಾರೆ. ಹಾಕಿದ ಮೇಲೆ ಮತ್ತೆ ಕಂಪೈಲ್, ಮತ್ತೆ ಅದೇ ಕಪ್ಪು ಪರದೆ.

ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ. ಕಂಪೈಲ್ ಮಾಡುವಷ್ಟು ದೂರ ಬಂದವರಿಗೆ ಅವುಗಳ ಸ್ಪೆಲ್ಲಿಂಗ್ ಹೇಳಿಕೊಡಬೇಕಾಗಿಲ್ಲ.

ತಪ್ಪು ತಿಳಿವಳಿಕೆ ಇರುವುದು ಒಂದೇ ಕಡೆ. "ಡ್ರೈವರ್ ಆಗಲೇ ಇನ್‌ಸ್ಟಾಲ್ ಮಾಡಿದೀನಲ್ಲ ಸಾರ್" ಅನ್ನುತ್ತಾರಲ್ಲ, ಆ ಮಾತಿನಲ್ಲಿ. ಮಾಡಿರುವುದು ನಿಜ. ಆದರೆ ಯಾವ ಕರ್ನೆಲ್‌ಗೆ? ಗ್ರಾಫಿಕ್ಸ್ ಡ್ರೈವರ್ ಅನ್ನುವುದು ಎರಡು ತುಂಡು. ಒಂದು ತುಂಡು ಚಿತ್ರ ಬಿಡಿಸುವ ಓಪನ್‌ಜಿಎಲ್, ವಲ್ಕನ್ ಲೈಬ್ರರಿಗಳದ್ದು. ಅದು ಎಲ್ಲ ಕರ್ನೆಲ್‌ಗಳಿಗೂ ಸಾಮಾನ್ಯವಾಗಿ ಒಂದೇ. ಇನ್ನೊಂದು ಕರ್ನೆಲ್ ಮಾಡ್ಯೂಲ್, ಅಂದರೆ ಡಾಟ್ ಕೆಒ ಫೈಲ್. ಇದು ಅಳತೆ ಕೊಟ್ಟು ಹೊಲಿಸಿದ ರವಿಕೆ ಇದ್ದ ಹಾಗೆ: ಯಾರ ಅಳತೆಗೆ ಹೊಲಿದಿದೆಯೋ ಅವರಿಗೆ ಮಾತ್ರ. ಪ್ರತಿ ಮಾಡ್ಯೂಲಿನ ಒಳಗೂ ವರ್‌ಮ್ಯಾಜಿಕ್ ಅನ್ನುವ ಒಂದು ಸಾಲು ಇರುತ್ತದೆ. ಕರ್ನೆಲ್‌ನ ಪೂರ್ತಿ ಆವೃತ್ತಿ, ಅದನ್ನು ಕಟ್ಟಿದಾಗಿನ ಎಸ್‌ಎಂಪಿ, ಪ್ರಿಎಂಪ್ಟ್ ಇತ್ಯಾದಿ ಆಯ್ಕೆ ಅದರಲ್ಲಿ ದಾಖಲಾಗಿರುತ್ತದೆ. ಆ ಸಾಲು ಹೊಂದದಿದ್ದರೆ ಕರ್ನೆಲ್ ಆ ಮಾಡ್ಯೂಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡು "ಎಕ್ಸೆಕ್ ಫಾರ್ಮ್ಯಾಟ್ ಎರರ್" ಅನ್ನುತ್ತದೆ.

ಆದರೆ ಹೊಸ ಕರ್ನೆಲ್‌ನಲ್ಲಿ ಸಾಮಾನ್ಯವಾಗಿ ವಿಷಯ ಅಲ್ಲಿಯವರೆಗೂ ಹೋಗುವುದಿಲ್ಲ. ಮಾಡ್‌ಪ್ರೋಬ್ ಹುಡುಕುವುದು ಸ್ಲ್ಯಾಶ್ ಲಿಬ್ ಸ್ಲ್ಯಾಶ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ, ಅದೂ ಈಗ ಓಡುತ್ತಿರುವ ಕರ್ನೆಲ್‌ನ ಹೆಸರನ್ನು "ಯುನೇಮ್ ಮೈನಸ್ ಆರ್" ಏನು ಹೇಳುತ್ತದೋ ಅದೇ ಹೆಸರಿನ ಉಪಫೋಲ್ಡರಿನಲ್ಲಿ ಮಾತ್ರ. ಹಳೆ ಕರ್ನೆಲ್‌ಗೆ ಹೊಲಿದ ಎನ್ವಿಡಿಯಾ ಮಾಡ್ಯೂಲ್ ಪಕ್ಕದ ಫೋಲ್ಡರಿನಲ್ಲೇ ಬಿದ್ದಿರುತ್ತದೆ, ಆದರೂ "ಮಾಡ್ಯೂಲ್ ಎನ್ವಿಡಿಯಾ ನಾಟ್ ಫೌಂಡ್ ಇನ್ ಡೈರೆಕ್ಟರಿ" ಅಂತ ಬರುತ್ತದೆ. ಈ ಸಂದೇಶದಲ್ಲಿ ಯಾವ ಫೋಲ್ಡರ್ ಅನ್ನುವುದೂ ಬರೆದಿರುತ್ತದೆ. ಹತ್ತರಲ್ಲಿ ಒಂಬತ್ತು ಜನ ಅದನ್ನು ಓದುವುದಿಲ್ಲ, ಪರದೆಯ ಫೋಟೋ ಹೊಡೆದು ಕಳಿಸುತ್ತಾರೆ. ಅದೂ ಅಲುಗಾಡಿದ ಫೋಟೋ.

ಹಾಗಾಗಿ ಮೊದಲ ಕೆಲಸ ಯುನೇಮ್ ನೋಡುವುದು. ಎರಡನೆಯದು, ಆ ಹೆಸರಿನ ಫೋಲ್ಡರ್ ನಿಜವಾಗಿಯೂ ಇದೆಯೇ ಎಂದು ನೋಡುವುದು. "ಮೇಕ್ ಮಾಡ್ಯೂಲ್ಸ್ ಇನ್‌ಸ್ಟಾಲ್" ಮಾಡದೆ ನೇರ "ಮೇಕ್ ಇನ್‌ಸ್ಟಾಲ್" ಮಾಡಿದ್ದರೆ ಫೋಲ್ಡರೇ ಇರುವುದಿಲ್ಲ. ಆಗ ಗ್ರಾಫಿಕ್ಸ್ ಜೊತೆಗೆ ವೈಫೈಯೂ ಸೌಂಡೂ ಸತ್ತಿರುತ್ತವೆ. ಮೊದಲು ಮಾಡ್ಯೂಲ್ಸ್, ಆಮೇಲೆ ಇಮೇಜ್. ಈ ಕ್ರಮ ತಪ್ಪಬಾರದು. ಗಿಟ್‌ನಿಂದ ತಂದ ಸೋರ್ಸ್ ಆದರೆ ಆವೃತ್ತಿಯ ಕೊನೆಗೆ ಒಂದು ಪ್ಲಸ್ ಚಿಹ್ನೆಯೋ ಡರ್ಟಿ ಅನ್ನುವ ಬಾಲವೋ ತಾನಾಗಿ ಅಂಟಿಕೊಳ್ಳುವುದುಂಟು. ಆ ಒಂದು ಪ್ಲಸ್ಸಿನಿಂದಲೂ ಅದು ಬೇರೆ ಕರ್ನೆಲ್ ಅನ್ನಿಸಿಕೊಳ್ಳುತ್ತದೆ, ಬೇರೆ ಫೋಲ್ಡರ್ ಬೇಕಾಗುತ್ತದೆ.

ಇನ್ನು ಹೊಲಿಯುವವರ ವಿಷಯ. ಹೊಸ ಕರ್ನೆಲ್ ಬಂದಾಗಲೆಲ್ಲ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡುವ ದರ್ಜಿಯ ಹೆಸರು ಡಿಕೆಎಂಎಸ್. ಅವನಿಗೆ ಬೇಕಾದ ಅಳತೆ ಕರ್ನೆಲ್ ಹೆಡರ್‌ಗಳಲ್ಲಿರುತ್ತದೆ. ಯುನೇಮ್ ಹೆಸರಿನ ಆ ಉಪಫೋಲ್ಡರಿನೊಳಗೆ ಬಿಲ್ಡ್ ಅನ್ನುವ ಒಂದು ಕೊಂಡಿ ಇರುತ್ತದೆ. ನೀವೇ ಕಂಪೈಲ್ ಮಾಡಿದ್ದರೆ ಅದು ನಿಮ್ಮ ಸೋರ್ಸ್ ಫೋಲ್ಡರನ್ನು ತೋರಿಸುತ್ತದೆ. ಎಡವುವುದು ಇಲ್ಲೇ. ಉಬುಂಟುವಿನಂಥ ಡಿಸ್ಟ್ರೊದ ಕಾನ್ಫಿಗ್ ಇಟ್ಟುಕೊಂಡು ಡಿಬಗ್ ಮಾಹಿತಿ ಸಮೇತ ಕಂಪೈಲ್ ಮಾಡಿದರೆ ಸೋರ್ಸ್ ಫೋಲ್ಡರ್ 20 ಜಿಬಿ ದಾಟುವುದು ಸಾಮಾನ್ಯ. ಡಿಸ್ಕ್ ತುಂಬಿತು ಅಂತ ಅದನ್ನು ಅಳಿಸುತ್ತಾರೆ, ಇಲ್ಲವೇ "ಮೇಕ್ ಎಂಆರ್‌ಪ್ರಾಪರ್" ಕೊಡುತ್ತಾರೆ. ಅಳತೆ ಚೀಟಿಯೇ ಒಲೆಗೆ ಹೋಯಿತು. ಜಾಗ ಬೇಕಿದ್ದರೆ "ಮೇಕ್ ಕ್ಲೀನ್" ಸಾಕು. ಹೊರಗಿನ ಮಾಡ್ಯೂಲ್ ಕಟ್ಟಲು ಬೇಕಾದದ್ದನ್ನು ಉಳಿಸುವಂತೆಯೇ ಅದನ್ನು ರೂಪಿಸಿದ್ದಾರೆ.

ಇದಕ್ಕಿಂತ ಒಳ್ಳೆ ದಾರಿಯೆಂದರೆ ಉಬುಂಟು, ಡೆಬಿಯನ್‌ಗಳಲ್ಲಿ "ಮೇಕ್ ಬಿನ್‌ಡೆಬ್ ಪಿಕೆಜಿ". ಸೋರ್ಸಿನ ಮೇಲಿನ ಫೋಲ್ಡರಿನಲ್ಲಿ ಲಿನಕ್ಸ್ ಇಮೇಜ್, ಲಿನಕ್ಸ್ ಹೆಡರ್ಸ್ ಎಂಬ ಡೆಬ್ ಕಡತಗಳು ಸಿದ್ಧವಾಗುತ್ತವೆ. ಎರಡನ್ನೂ ಒಂದೇ ಡಿಪಿಕೆಜಿ ಕಮಾಂಡಿನಲ್ಲಿ ಹಾಕಿ. ಇಮೇಜ್ ಮಾತ್ರ ಹಾಕಿ ಹೆಡರ್ಸ್ ಬಿಟ್ಟರೆ ಮತ್ತೆ ಮೊದಲಿನ ಕಥೆ. ನಂತರ "ಡಿಕೆಎಂಎಸ್ ಆಟೋಇನ್‌ಸ್ಟಾಲ್ ಮೈನಸ್ ಕೆ" ಅಂತ ಹೊಸ ಆವೃತ್ತಿಯ ಹೆಸರು ಕೊಟ್ಟು ಓಡಿಸಿ, "ಡಿಕೆಎಂಎಸ್ ಸ್ಟೇಟಸ್" ನೋಡಿ. ಹೊಸ ಕರ್ನೆಲ್ ಹೆಸರಿನ ಮುಂದೆ ಇನ್‌ಸ್ಟಾಲ್ಡ್ ಅಂತ ಕಾಣಬೇಕು. ಆಡೆಡ್ ಅಂತ ಇದ್ದರೆ ಬಟ್ಟೆ ಅಂಗಡಿಗೆ ಬಂದಿದೆ, ಹೊಲಿಗೆ ಆಗಿಲ್ಲ ಎಂದರ್ಥ. ಇದನ್ನು ರೀಬೂಟ್ ಮಾಡುವ ಮೊದಲು ನೋಡಬೇಕು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ತಪ್ಪಿಲ್ಲ.

ಡಿಕೆಎಂಎಸ್ ಸ್ಟೇಟಸ್‌ನಲ್ಲಿ ಏನೂ ಬರದಿದ್ದರೆ ಇನ್ನೊಂದು ಸಂಗತಿ ಇರಬಹುದು. ಉಬುಂಟು ತನ್ನದೇ ಜೆನೆರಿಕ್ ಕರ್ನೆಲ್‌ಗಳಿಗೆ ಎನ್ವಿಡಿಯಾ ಮಾಡ್ಯೂಲನ್ನು ರೆಡಿಮೇಡ್ ಆಗಿ ಕಟ್ಟಿ, ಸಹಿ ಹಾಕಿ ಕೊಡುತ್ತದೆ. ಅಂಥ ಯಂತ್ರದಲ್ಲಿ ದರ್ಜಿಯೇ ಇರುವುದಿಲ್ಲ. ಎನ್ವಿಡಿಯಾ ಡಿಕೆಎಂಎಸ್ ಎಂಬ ಪ್ಯಾಕೇಜನ್ನು, ಈಗಿರುವ ಡ್ರೈವರಿನದೇ ಸಂಖ್ಯೆ ನೋಡಿ (535 ಇದ್ದರೆ 535), ಹಾಕಿಕೊಳ್ಳಬೇಕು. ಪ್ಯಾಕೇಜಿನಿಂದ ಬಂದ ಡ್ರೈವರಿನ ಮೇಲೆ ಎನ್ವಿಡಿಯಾದ ಡಾಟ್ ರನ್ ಇನ್‌ಸ್ಟಾಲರ್ ಓಡಿಸುವ ಕೆಲಸ ಮಾತ್ರ ಬೇಡ. ಎರಡು ಸಂಸಾರ ಒಂದೇ ಅಡುಗೆಮನೆಯಲ್ಲಿ.

ಕಟ್ಟುವಾಗಲೇ ತಪ್ಪಾಗಿದ್ದರೆ ವಾರ್ ಲಿಬ್ ಡಿಕೆಎಂಎಸ್ ಒಳಗಿನ ಮೇಕ್ ಡಾಟ್ ಲಾಗ್ ತೆರೆಯಿರಿ. ಕೊನೆಯ ಸಾಲು ಬರೀ "ಎರರ್ 2" ಅನ್ನುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮೇಲಿನಿಂದ ಹುಡುಕಿ, ಎರರ್ ಎಂಬ ಪದ ಮೊದಲು ಕಾಣುವ ಸಾಲನ್ನು ಓದಿ. "ಇಂಪ್ಲಿಸಿಟ್ ಡಿಕ್ಲರೇಷನ್" ಅಥವಾ "ಟೂ ಮೆನಿ ಆರ್ಗ್ಯುಮೆಂಟ್ಸ್" ಅಂದರೆ ಡ್ರೈವರ್ ಹಳೆಯದು, ಕರ್ನೆಲ್ಲಿನ ಒಳಗಿನ ಫಂಕ್ಷನ್ ಬದಲಾಗಿದೆ. ನೂರು ಸಲ ಮತ್ತೆ ಹಾಕಿದರೂ ಅಷ್ಟೇ. ಗುರುತೇ ಸಿಗದ ಕಂಪೈಲರ್ ಆಪ್ಷನ್ ಅಂತ ಬಂದರೆ ಕರ್ನೆಲ್ ಕಟ್ಟಿದ ಜಿಸಿಸಿ ಬೇರೆ, ಈಗಿರುವ ಜಿಸಿಸಿ ಬೇರೆ. ಪ್ರಾಕ್ ವರ್ಷನ್ ಫೈಲಿನಲ್ಲಿ ಯಾವುದರಿಂದ ಕಟ್ಟಿದ್ದು ಅಂತ ಇರುತ್ತದೆ.

ಹಳೆ ಕಾರ್ಡಿನವರ ಪಾಡು ಬೇರೆ. ಎನ್ವಿಡಿಯಾದ ಜಿಟಿ 610ರಂಥ ಫರ್ಮಿ ತಲೆಮಾರಿನ ಕಾರ್ಡಿಗೆ 390ರ ಡ್ರೈವರ್ ಸಾಲೇ ಕೊನೆ, ಅದಕ್ಕೆ ಎನ್ವಿಡಿಯಾ ಬೆಂಬಲ 2022ಕ್ಕೆ ಮುಗಿಯಿತು. ಜಿಟಿ 710ರಂಥ ಕೆಪ್ಲರ್ ತಲೆಮಾರಿಗೆ 470. ಜಿಟಿ 730 ಅಂತೂ ದಾರಿ ತಪ್ಪಿಸುವ ಕಾರ್ಡ್: ಅದೇ ಹೆಸರಿನಲ್ಲಿ ಫರ್ಮಿಯೂ ಬಂದಿದೆ, ಕೆಪ್ಲರೂ ಬಂದಿದೆ. ಡಬ್ಬಿ ನೋಡಿ ನಿರ್ಧರಿಸಬೇಡಿ. ಎಲ್‌ಎಸ್‌ಪಿಸಿಐ ಕೊಟ್ಟಾಗ ಜಿಎಫ್108 ಅಂತ ಬಂದರೆ ಫರ್ಮಿ, ಜಿಕೆ208 ಬಂದರೆ ಕೆಪ್ಲರ್. ಇಂಥ ಕಾರ್ಡಿಗೆ ತೀರಾ ಹೊಸ ಕರ್ನೆಲ್ ಬೇಕೇ ಬೇಕು ಅಂದರೆ ಕರ್ನೆಲ್ಲಿನೊಳಗೇ ಇರುವ ನೂವೋ ಎಂಬ ತೆರೆದ ಡ್ರೈವರ್ ಬಳಸಿ. ಆಟಕ್ಕೆ ಅದು ಸಾಲದು, ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದಕ್ಕೆ ಧಾರಾಳ.

ನೂವೋ ಅಂದ ಮೇಲೆ ಇದನ್ನೂ ಹೇಳಬೇಕು. ಎನ್ವಿಡಿಯಾ ಡ್ರೈವರ್ ಹಾಕುವಾಗ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ನೂವೋವನ್ನು ಬ್ಲ್ಯಾಕ್‌ಲಿಸ್ಟ್ ಮಾಡಿರುತ್ತದೆ, ಅದು ಎಲ್ಲ ಕರ್ನೆಲ್‌ಗಳಿಗೂ ಅನ್ವಯ. ಹೊಸ ಕರ್ನೆಲ್‌ನಲ್ಲಿ ಎನ್ವಿಡಿಯಾ ಇಲ್ಲ, ನೂವೋಗೆ ಪ್ರವೇಶ ಇಲ್ಲ. ಆಗ ಯಂತ್ರದ ಬಯೋಸ್ ಕೊಟ್ಟ ಸಾದಾ ಫ್ರೇಮ್‌ಬಫರ್ ಮೇಲೆ ಪ್ರೊಸೆಸರೇ ಚಿತ್ರ ಬಿಡಿಸುತ್ತದೆ. "ಜಿಎಲ್‌ಎಕ್ಸ್ಇನ್ಫೋ ಮೈನಸ್ ಬಿ" ಕೊಟ್ಟರೆ ಎಲ್‌ಎಲ್‌ವಿಎಂಪೈಪ್ ಅಂತ ತೋರಿಸುತ್ತದೆ, ಫ್ಯಾನ್ ಕಿರುಚುತ್ತದೆ. ಕಾನ್ಫಿಗ್‌ನಲ್ಲಿ ಸಿಂಪಲ್‌ಡಿಆರ್‌ಎಂನಂಥ ಸಾದಾ ಫ್ರೇಮ್‌ಬಫರ್ ಡ್ರೈವರ್ ಯಾವುದೂ ಇಲ್ಲದಿದ್ದರೆ ಪೂರ್ತಿ ಕತ್ತಲೆ. ಯಂತ್ರ ಮಾತ್ರ ಬದುಕಿರುತ್ತದೆ, ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಬಹುದು.

ಕಂಪೈಲ್ ಬೇಗ ಮುಗಿಯಲಿ ಅಂತ "ಮೇಕ್ ಲೋಕಲ್‌ಮಾಡ್‌ಕಾನ್ಫಿಗ್" ಬಳಸುವವರಿಗೂ ಇದೇ ಗತಿ ಬರುವುದುಂಟು. ಆ ಕ್ಷಣಕ್ಕೆ ಲೋಡ್ ಆಗಿರುವ ಮಾಡ್ಯೂಲುಗಳನ್ನು ಮಾತ್ರ ಉಳಿಸಿ ಉಳಿದದ್ದನ್ನು ಅದು ಕತ್ತರಿಸುತ್ತದೆ. ಎನ್ವಿಡಿಯಾದ ಮುಚ್ಚಿದ ಡ್ರೈವರ್ ಓಡುತ್ತಿರುವಾಗ ಕೊಟ್ಟರೆ ನೂವೋ ಹೋಯಿತು. ಗ್ರಾಫಿಕ್ಸ್ ಡ್ರೈವರ್ ಏಳದಂತೆ ತಡೆಯುವ ನೋಮೋಡ್‌ಸೆಟ್‌ನಲ್ಲಿ ಬೂಟ್ ಆಗಿರುವಾಗ ಕೊಟ್ಟರೆ ಎಎಂಡಿಯ ಎಎಂಡಿಜಿಪಿಯು, ಇಂಟೆಲ್‌ನ ಐ915 ಕೂಡ ಬಿಟ್ಟುಹೋಗಬಹುದು. ಕೊಟ್ಟ ಮೇಲೆ ಮೆನುಕಾನ್ಫಿಗ್ ತೆರೆದು ಡಿವೈಸ್ ಡ್ರೈವರ್ಸ್ ಅಡಿಯ ಗ್ರಾಫಿಕ್ಸ್ ಸಪೋರ್ಟ್ ಒಮ್ಮೆ ಕಣ್ಣಾಡಿಸಿ.

ಎಎಂಡಿಯವರಿಗೆ ಹೊರಗಿನ ಡ್ರೈವರ್ ಕಾಟವಿಲ್ಲ, ಅದು ಕರ್ನೆಲ್ಲಿನೊಳಗೇ ಇದೆ. ಅವರು ಬೀಳುವ ಹಳ್ಳ ಫರ್ಮ್‌ವೇರಿನದ್ದು, ಅಂದರೆ ಕಾರ್ಡಿನೊಳಗೆ ಓಡುವ ಪುಟ್ಟ ಪ್ರೋಗ್ರಾಮಿನದ್ದು. "ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ ಮೈನಸ್ 2" ಅಂದರೆ ಫೈಲ್ ಸಿಗಲಿಲ್ಲ ಅಂತ ಅಷ್ಟೇ. ಫೈಲ್ ಲಿಬ್ ಫರ್ಮ್‌ವೇರ್ ಎಎಂಡಿಜಿಪಿಯು ಫೋಲ್ಡರಿನಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಈ ದೂರು ಬಂದರೆ, ಮೆನುಕಾನ್ಫಿಗ್‌ನಲ್ಲಿ ಡ್ರೈವರನ್ನು ಎಂ (ಮಾಡ್ಯೂಲ್) ಬದಲು ನಕ್ಷತ್ರ ಹಾಕಿ ಕರ್ನೆಲ್ಲಿನೊಳಗೇ ಸೇರಿಸಿರಬಹುದು. ಅಂಥ ಡ್ರೈವರ್ ಡಿಸ್ಕ್ ಮೌಂಟ್ ಆಗುವ ಮೊದಲೇ ಎದ್ದು ಕೂರುತ್ತದೆ, ಫರ್ಮ್‌ವೇರ್ ಕೇಳುತ್ತದೆ. ಕೊಡುವವರು ಇನ್ನೂ ಬಂದಿಲ್ಲ. ಹಾಗಿದ್ದರೆ ನಕ್ಷತ್ರವನ್ನು ಎಂ ಮಾಡಿ ಮತ್ತೆ ಕಟ್ಟಿ, ಸಾಕು. ಕಾರ್ಡ್ ಹೊಸದು, ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಳೆಯದು ಆದರೂ ಇದೇ ಸಂದೇಶ ಬರುತ್ತದೆ. ಇಂಟೆಲ್‌ನಲ್ಲಿ ಡಿಎಂಸಿ ಎಂಬ ಫರ್ಮ್‌ವೇರ್ ಸಿಗದಿದ್ದರೆ ವಿದ್ಯುತ್ ಉಳಿತಾಯ ತಪ್ಪುತ್ತದೆ, ಪರದೆಗೇನೂ ಆಗುವುದಿಲ್ಲ.

ಸೆಕ್ಯೂರ್ ಬೂಟ್ (ಗುರುತಿನ ಸಹಿ ಇದ್ದದ್ದನ್ನಷ್ಟೇ ಏಳಲು ಬಿಡುವ ಏರ್ಪಾಡು) ಇರುವವರು ಬೇಲೂರಿಗೆ ಹೋದಾಗ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠವನ್ನು ನೋಡಿ. ಬಳ್ಳಿಗಾವೆಯ ದಾಸೋಜ ತನ್ನ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾನೆ. ಸೆಕ್ಯೂರ್ ಬೂಟ್ ಕೇಳುವುದೂ ಅದನ್ನೇ: ಇದನ್ನು ಮಾಡಿದವರು ಯಾರು, ಅವರ ಗುರುತು ನನಗಿದೆಯೇ? ನೀವೇ ಕಟ್ಟಿದ ಕರ್ನೆಲ್‌ಗೆ ಸಹಿ ಇಲ್ಲದಿದ್ದರೆ ಗ್ರಬ್ "ಬ್ಯಾಡ್ ಶಿಮ್ ಸಿಗ್ನೇಚರ್" ಅಂದು ಅಲ್ಲೇ ನಿಲ್ಲಿಸುತ್ತದೆ. ಕರ್ನೆಲ್‌ಗೆ ಸಹಿ ಹಾಕಿ ಮಾಡ್ಯೂಲ್ ಮರೆತರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್". ಮೊಕ್‌ಯುಟಿಲ್‌ನಿಂದ ನಿಮ್ಮ ಕೀ ನೋಂದಾಯಿಸಿ ಎರಡಕ್ಕೂ ಸಹಿ ಹಾಕಬಹುದು. ಕಲಿಕೆಗೆಂದೇ ಇಟ್ಟ ಯಂತ್ರವಾದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಸುಲಭ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಬರೆದಿಟ್ಟುಕೊಳ್ಳದೆ ಕೈ ಹಾಕಬೇಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪಾದರೆ ಮುಟ್ಟಲೇಬೇಡಿ.

ಪ್ರಾಜೆಕ್ಟಿಗೆಂದು ಲಾಕ್ ಡಿಬಗ್ಗಿಂಗ್ ಆನ್ ಮಾಡಿದವರಿಗೆ ಮತ್ತೊಂದು ವಿಚಿತ್ರ ಸಾಲು ಸಿಗುತ್ತದೆ: ಜಿಪಿಎಲ್ (ಲಿನಕ್ಸಿನ ಮುಕ್ತ ಪರವಾನಗಿ) ಅಲ್ಲದ ಮಾಡ್ಯೂಲ್ ಜಿಪಿಎಲ್‌ಗೆ ಮಾತ್ರ ಮೀಸಲಾದ ಸಿಂಬಲ್ ಬಳಸುತ್ತಿದೆ ಅಂತ. ಡಿಬಗ್ ಆನ್ ಆದಾಗ ಲಾಕ್ ಫಂಕ್ಷನ್‌ಗಳು ಮೀಸಲು ಪಟ್ಟಿಗೆ ಹೋಗುತ್ತವೆ, ಮುಚ್ಚಿದ ಡ್ರೈವರಿಗೆ ಸಿಗುವುದಿಲ್ಲ. ಈ ಜಗಳ ಹಳೆಯದು; 2012ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಫಿನ್ಲೆಂಡಿನ ವೇದಿಕೆಯೊಂದರಲ್ಲಿ ಕ್ಯಾಮೆರಾ ಮುಂದೆಯೇ ಎನ್ವಿಡಿಯಾಗೆ ಬೆರಳು ತೋರಿಸಿ ಬೈದದ್ದು ಎಲ್ಲರಿಗೂ ಗೊತ್ತು. ಹತ್ತು ವರ್ಷದ ಮೇಲೆ, 2022ರ ಮೇನಲ್ಲಿ, ಎನ್ವಿಡಿಯಾ ಕರ್ನೆಲ್ ಮಾಡ್ಯೂಲಿನ ಸೋರ್ಸ್ ತೆರೆದಿಟ್ಟಿತು. ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಅದಕ್ಕಿಂತ ಹೊಸ ಕಾರ್ಡಿನವರು ಆ ತೆರೆದ ಮಾಡ್ಯೂಲ್ ಬಳಸಿದರೆ ಈ ತಕರಾರು ಬರುವುದಿಲ್ಲ. ಉಳಿದವರು ಲಾಕ್ ಡಿಬಗ್ ಆಫ್ ಮಾಡಿಕೊಳ್ಳಬೇಕು.

ನೋಮೋಡ್‌ಸೆಟ್ ಬಗ್ಗೆ ಎರಡು ಮಾತು. ಅದು ಸ್ಟ್ರೆಚರ್, ಆಸ್ಪತ್ರೆಯವರೆಗೆ ಹೊತ್ತೊಯ್ಯಲು ಮಾತ್ರ. ಗ್ರಬ್‌ನಲ್ಲಿ ಇ ಒತ್ತಿ ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಸಲಕ್ಕೆ ಸೇರಿಸಿ. ಗ್ರಬ್‌ನ ಡಿಫಾಲ್ಟ್ ಫೈಲಿನಲ್ಲಿ ಕಾಯಂ ಬರೆದುಬಿಟ್ಟರೆ, ಮುಂದೆ ಎಲ್ಲ ಸರಿ ಮಾಡಿದ ಮೇಲೂ ಐ915, ಎಎಂಡಿಜಿಪಿಯು ಎದ್ದೇಳುವುದಿಲ್ಲ.

ಸಕಲೇಶಪುರದ ಕಡೆಯವರಿಗೆ, ಅದರಲ್ಲೂ ಜುಲೈ ತಿಂಗಳಲ್ಲಿ: ಕಂಪೈಲ್ ನಡುವೆ ಕರೆಂಟು ಹೋದರೆ ಬಂದ ಮೇಲೆ ಸುಮ್ಮನೆ ಮೇಕ್ ಮುಂದುವರಿಸಬೇಡಿ. ಅರ್ಧ ಬರೆದ, ಸೊನ್ನೆ ಬೈಟಿನ ಡಾಟ್ ಒ ಫೈಲುಗಳು ಉಳಿದಿರಬಹುದು. ಅವುಗಳ ಸಮಯ ಹೊಸದಾಗಿರುವುದರಿಂದ ಮೇಕ್ ಅವನ್ನು ಆಗಲೇ ಆದ ಕೆಲಸ ಅಂದುಕೊಳ್ಳುತ್ತದೆ, ಕೊನೆಗೆ ಲಿಂಕರ್ ಗೊಣಗುತ್ತದೆ. ಕ್ಲೀನ್ ಮಾಡಿ ಮೊದಲಿಂದ ಶುರು ಮಾಡಿ. ಮಾಮೂಲಿ 600 ವಿಎ ಯುಪಿಎಸ್ ನಂಬಿಕೊಂಡು ಡೆಸ್ಕ್‌ಟಾಪಿನಲ್ಲಿ ಗಂಟೆಗಟ್ಟಲೆಯ ಕಂಪೈಲ್‌ಗೆ ಕೂರಬೇಡಿ.

ಹೆದರಬೇಕಾಗಿಲ್ಲದ ಸಾಲುಗಳೂ ಇವೆ. "ಔಟ್ ಆಫ್ ಟ್ರೀ ಮಾಡ್ಯೂಲ್ ಟೇಂಟ್ಸ್ ಕರ್ನೆಲ್" ಅನ್ನುವುದು ಬರೀ ಷರಾ. "ಸ್ಕಿಪ್ಪಿಂಗ್ ಬಿಟಿಎಫ್ ಜನರೇಷನ್" ಕೂಡ ಹಾಗೇ. ಇನ್ನು ಕಾರ್ಡಿನ ಸ್ಥಿತಿ ತೋರಿಸುವ ಎನ್ವಿಡಿಯಾ ಎಸ್‌ಎಂಐ ಕಮಾಂಡು "ಡ್ರೈವರ್ ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್" ಅಂದರೆ ಡ್ರೈವರ್ ಅಪ್‌ಡೇಟ್ ಆಗಿ ಲೈಬ್ರರಿ ಹೊಸದು ಬಂದಿದೆ, ಮೆಮೊರಿಯಲ್ಲಿ ಮಾತ್ರ ಹಳೆ ಮಾಡ್ಯೂಲ್ ಕೂತಿದೆ. ಇದನ್ನು ನೋಡಿ ರಾತ್ರಿಯೆಲ್ಲ ಡ್ರೈವರ್ ಕಿತ್ತು ಹಾಕಿ ಮಾಡುವವರಿದ್ದಾರೆ. ಒಂದು ಸಲ ರೀಬೂಟ್ ಮಾಡಿ.