ಮಧ್ಯಾವಧಿಯ ಮತ ಮತ್ತು ‘ಜನಾದೇಶ’ ಎಂಬ ನಾಲ್ಕಕ್ಷರ

2006ರ ನವೆಂಬರ್ 8, ಬುಧವಾರ. ವಿದೇಶ ಸುದ್ದಿಯ ಪುಟವನ್ನು ನಾನು ರಾತ್ರಿ ಹತ್ತಕ್ಕೆಲ್ಲ ಮುಗಿಸಿ ಕೊಟ್ಟಿದ್ದೆ. ಅಮೆರಿಕದಲ್ಲಿ ಹಿಂದಿನ ದಿನ ಮತದಾನ ನಡೆದು, ನಮ್ಮ ಬೆಳಗಿನ ಹೊತ್ತಿಗೆ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ, ವಿರೋಧ ಪಕ್ಷದವರಾದ ಡೆಮಾಕ್ರಟರ ಪಾಲಾಗಿದ್ದು ಖಚಿತವಾಗಿತ್ತು. ದಿನವಿಡೀ ಬಿಡುವಿದ್ದುದರಿಂದ ತಿದ್ದಿ ತೀಡಿ, ‘ಇರಾಕ್‌ನಿಂದ ಸೇನೆ ವಾಪಸಿಗೆ ಅಮೆರಿಕದ ಜನಾದೇಶ’ ಎಂಬ ಶೀರ್ಷಿಕೆಯನ್ನು ನಾಲ್ಕು ಕಾಲಂಗೆ ಕೂರಿಸಿದ್ದೆ. ಜಿಲ್ಲಾ ಆವೃತ್ತಿಗಳು ಅಚ್ಚಿಗೆ ಹೋದವು. ಹನ್ನೊಂದೂವರೆ ಸುಮಾರಿಗೆ ಸುದ್ದಿಸಂಸ್ಥೆಯಿಂದ ತುರ್ತು ಸುದ್ದಿ ಬಂತು: ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಸ್ಥಾನ ಬಿಡುತ್ತಿದ್ದಾರೆ. ನಗರ ಆವೃತ್ತಿಗೆಂದು ಪುಟ ಒಡೆದು, ‘ಜನಾದೇಶಕ್ಕೆ ಮೊದಲ ತಲೆದಂಡ’ ಎಂದು ಮತ್ತೆ ಜೋಡಿಸಿ, ದೊಡ್ಡ ಕೆಲಸ ಮಾಡಿದವನಂತೆ ಮನೆಗೆ ಹೋದೆ.

ಎರಡು ತಿಂಗಳಾಗಿತ್ತು. 2007ರ ಜನವರಿ 10ರಂದು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಬುಷ್ ಇರಾಕ್‌ಗೆ 20 ಸಾವಿರಕ್ಕೂ ಹೆಚ್ಚು ಯೋಧರನ್ನು ಹೊಸದಾಗಿ ಕಳುಹಿಸುವುದಾಗಿ ಘೋಷಿಸಿದರು. ಅದನ್ನೂ ಅದೇ ಪುಟದಲ್ಲಿ ನಾನೇ ಹಾಕಬೇಕಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ರಮ್ಸ್‌ಫೆಲ್ಡ್ ಅವರ ರಾಜೀನಾಮೆ ಪತ್ರ ಬಹಿರಂಗವಾಯಿತು. ಅದರ ಮೇಲಿದ್ದ ದಿನಾಂಕ ನವೆಂಬರ್ 6, ಮತದಾನದ ಹಿಂದಿನ ದಿನ! ನನ್ನ ‘ಮೊದಲ ತಲೆದಂಡ’ ಜನ ಮತಗಟ್ಟೆಗೆ ಹೋಗುವ ಮೊದಲೇ ಆಗಿಹೋಗಿತ್ತು.

ಅಂದಿನಿಂದ ನನಗೆ ಈ ಪದದ ಮೇಲೆ ಗುಮಾನಿ. ಡೆಸ್ಕಿನಲ್ಲಿ ಕೂತವರಿಗೆ ಅದು ಏಕೆ ಇಷ್ಟವೆಂಬುದೂ ಗೊತ್ತು. ನಾಲ್ಕೇ ಅಕ್ಷರ, ಎಂಥ ಇಕ್ಕಟ್ಟಿನ ಕಾಲಂನಲ್ಲೂ ಹಿಡಿಯುತ್ತದೆ, ಜೊತೆಗೆ ಗತ್ತೂ ಇದೆ. ಆದರೆ ಅದರ ಹೊಟ್ಟೆಯೊಳಗೆ ‘ಆದೇಶ’ ಕೂತಿದೆ. ಸರ್ಕಾರಿ ಆದೇಶವೆಂದರೆ ನಮಗೆ ಗೊತ್ತು: ಅದಕ್ಕೊಂದು ಸಂಖ್ಯೆ, ದಿನಾಂಕ, ಯಾರು ಏನು ಮಾಡಬೇಕೆಂಬ ಒಕ್ಕಣೆ, ಕೆಳಗೊಂದು ಸಹಿ ಇರುತ್ತದೆ. ಮತಪೆಟ್ಟಿಗೆಯಿಂದ ಬರುವುದರಲ್ಲಿ ಸಂಖ್ಯೆ ಮಾತ್ರ ಇರುತ್ತದೆ. ಒಕ್ಕಣೆಯನ್ನು ಗೆದ್ದವರು ಬರೆದುಕೊಳ್ಳುತ್ತಾರೆ, ಸಹಿಯನ್ನು ನಮ್ಮಂಥವರು ಹಾಕಿಕೊಡುತ್ತೇವೆ.

ಇನ್ನೊಂದು ಪದವೂ ಓದುಗರನ್ನು ದಾರಿ ತಪ್ಪಿಸುತ್ತದೆ. ‘ಮಧ್ಯಂತರ ಚುನಾವಣೆ’ ಎಂದರೆ ನಮ್ಮಲ್ಲಿ ಸದನ ಅವಧಿಗೆ ಮೊದಲೇ ವಿಸರ್ಜನೆಯಾಗಿ ನಡೆಯುವ ಚುನಾವಣೆ. 1971ರದು, 1980ರದು ಹಾಗೆ ನಡೆದವು. ಅಲ್ಲಿ ಇಡೀ ಸರ್ಕಾರವೇ ಪಣಕ್ಕಿರುತ್ತದೆ. ಅಮೆರಿಕದ್ದು ಪಂಚಾಂಗದಲ್ಲಿ ಮೊದಲೇ ಬರೆದಿಟ್ಟ ಚುನಾವಣೆ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಅದು ಬಂದೇ ಬರುತ್ತದೆ. ಪ್ರತಿನಿಧಿ ಸಭೆಯ 435 ಸ್ಥಾನಗಳಿಗೂ, ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಮತದಾನ. ಮತಪತ್ರದಲ್ಲಿ ಅಧ್ಯಕ್ಷರ ಹೆಸರೇ ಇರುವುದಿಲ್ಲ. ಹಾಗಾಗಿ ನಾನೀಗ ‘ಮಧ್ಯಾವಧಿ ಚುನಾವಣೆ’ ಎಂದೇ ಬರೆಯುತ್ತೇನೆ.

ಪ್ರತಿನಿಧಿ ಸಭೆಗೆ ಎರಡು, ಅಧ್ಯಕ್ಷರಿಗೆ ನಾಲ್ಕು, ಸೆನೆಟರುಗಳಿಗೆ ಆರು ವರ್ಷ: ಈ ಬೇರೆ ಬೇರೆ ಅವಧಿಗಳು ಆಕಸ್ಮಿಕವಲ್ಲ. ಒಂದೇ ಮಳೆಗೆ ಕೆರೆ ಒಡೆಯಬಾರದೆಂದು ಆ ಸಂವಿಧಾನ ಬರೆದವರು ಬೇಕೆಂದೇ ತೂಬುಗಳನ್ನು ಬೇರೆ ಬೇರೆ ಮಟ್ಟದಲ್ಲಿ ಇಟ್ಟರು. ಸೆನೆಟರುಗಳನ್ನು ಜನ ನೇರವಾಗಿ ಆರಿಸುವಂತಾದದ್ದೇ 1913ರ ತಿದ್ದುಪಡಿಯ ನಂತರ. ಒಂದು ನವೆಂಬರಿನ ಜನರ ಮನಸ್ಸು ಇಡೀ ಆಡಳಿತವನ್ನು ತಿರುಗಿಸದಿರಲಿ ಎಂದೇ ಮಾಡಿದ ಏರ್ಪಾಡಿನಿಂದ ಒಂದೇ ‘ಆದೇಶ’ವನ್ನು ಹೊರತೆಗೆಯಲು ನಾವು ಹೊರಡುತ್ತೇವೆ.

2006ರ ಲೆಕ್ಕವನ್ನೇ ಹತ್ತಿರದಿಂದ ನೋಡಿ. ಸೆನೆಟ್ ಡೆಮಾಕ್ರಟರ ಕಡೆಗೆ 51–49ರಲ್ಲಿ ವಾಲಿತು. ಆ ಒಂದು ಸ್ಥಾನ ನಿಂತಿದ್ದು ಎರಡು ರಾಜ್ಯಗಳ ಮೇಲೆ. ವರ್ಜೀನಿಯಾದಲ್ಲಿ ಚಲಾವಣೆಯಾದ 23 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಅಂತರ ಹತ್ತು ಸಾವಿರಕ್ಕಿಂತ ಕಡಿಮೆ. ಮೊಂಟಾನಾದಲ್ಲಿ ನಾಲ್ಕು ಸಾವಿರವೂ ಇಲ್ಲ. ವರ್ಜೀನಿಯಾದಲ್ಲಿ ಸೋತ ರಿಪಬ್ಲಿಕನ್ ಸೆನೆಟರ್ ಜಾರ್ಜ್ ಅಲೆನ್, ಆಗಸ್ಟ್‌ನ ಪ್ರಚಾರ ಸಭೆಯೊಂದರಲ್ಲಿ ಎದುರಾಳಿ ಪಕ್ಷದ ಪರವಾಗಿ ವಿಡಿಯೊ ಮಾಡುತ್ತಿದ್ದ ಭಾರತೀಯ ಮೂಲದ ತರುಣನನ್ನು ‘ಮಕಾಕ’ ಎಂದು ಕರೆದಿದ್ದರು. ಅದು ಒಂದು ಜಾತಿಯ ಕೋತಿಯ ಹೆಸರು. ಆ ತುಣುಕು ದೇಶವೆಲ್ಲ ಓಡಾಡಿತು. ಹಾಗಾದರೆ ಆ ಹತ್ತು ಸಾವಿರ ಮತಗಳು ಇರಾಕ್ ಯುದ್ಧದ ವಿರುದ್ಧವೋ, ಆ ಒಂದು ಬಾಯಿಮಾತಿನ ವಿರುದ್ಧವೋ? ಮತಪತ್ರ ಹೇಳುವುದಿಲ್ಲ. ನಾನು ಮಾತ್ರ ಶೀರ್ಷಿಕೆಯಲ್ಲಿ ಹೇಳಿಬಿಟ್ಟಿದ್ದೆ.

ನಮ್ಮ ಡೆಸ್ಕಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಇದನ್ನೆಲ್ಲ ಕೇಳಿ, “ಹಾಗಾದರೆ ಸರ್, ಜನ ಹಾಕಿದ ಮತಕ್ಕೆ ಅರ್ಥವೇ ಇಲ್ಲವೇ?” ಎಂದು ಜಗಳಕ್ಕೇ ನಿಂತಿದ್ದ. ಖಂಡಿತ ಇದೆ. ಮಧ್ಯಾವಧಿಯ ಮತಕ್ಕೆ ‘ಬೇಡ’ ಎನ್ನಲು ಚೆನ್ನಾಗಿ ಬರುತ್ತದೆ, ‘ಇದನ್ನು ಮಾಡಿ’ ಎನ್ನಲು ಬರುವುದಿಲ್ಲ. ಕಾಂಗ್ರೆಸ್ ಎಂಬ ಅಲ್ಲಿನ ಸಂಸತ್ತನ್ನು ಗೆದ್ದವರಿಗೆ ತಡೆಯುವ ಶಕ್ತಿ ಸಿಗುತ್ತದೆ, ವಿಚಾರಣೆ ನಡೆಸುವ ಅಧಿಕಾರ ಸಿಗುತ್ತದೆ. ನಡೆಸುವ ಕೈ ಅಧ್ಯಕ್ಷರದೇ. 2007ರಲ್ಲಿ ಡೆಮಾಕ್ರಟರು ಯುದ್ಧದ ಹಣಕ್ಕೆ ಸೇನೆ ವಾಪಸಿನ ಗಡುವನ್ನು ಗಂಟು ಹಾಕಿ ಮಸೂದೆ ಕಳುಹಿಸಿದರು. ಮೇ 1ರಂದು ಬುಷ್ ವೀಟೊ ಮಾಡಿದರು. ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು. ಅದು ಇರಲಿಲ್ಲ. ಕೊನೆಗೆ ಗಡುವಿಲ್ಲದೆಯೇ ಹಣ ಮಂಜೂರಾಯಿತು.

1994ರಲ್ಲಿ ರಿಪಬ್ಲಿಕನ್ ನಾಯಕ ನ್ಯೂಟ್ ಗಿಂಗ್ರಿಚ್ ಈ ಕೊರತೆಯನ್ನು ತುಂಬಲು ನೋಡಿದ್ದರು. ಮತದಾನಕ್ಕೆ ಮೊದಲೇ ರಿಪಬ್ಲಿಕನ್ ಅಭ್ಯರ್ಥಿಗಳನ್ನು ಸಾಲಾಗಿ ನಿಲ್ಲಿಸಿ ‘ಅಮೆರಿಕದೊಂದಿಗೆ ಒಪ್ಪಂದ’ಕ್ಕೆ ಸಹಿ ಹಾಕಿಸಿ, 40 ವರ್ಷಗಳ ನಂತರ ಪ್ರತಿನಿಧಿ ಸಭೆಯನ್ನು ಗೆದ್ದರು. ಒಕ್ಕಣೆಯೂ ಇದೆ, ಸಹಿಯೂ ಇದೆ, ಇನ್ನೇನು ಬೇಕು? ಆ ಧೈರ್ಯದಲ್ಲೇ ಬಜೆಟ್ ಹಗ್ಗಜಗ್ಗಾಟಕ್ಕೆ ಇಳಿದು ಸರ್ಕಾರಿ ಕಚೇರಿಗಳು ಎರಡು ಬಾರಿ ಮುಚ್ಚಿದವು, ಎರಡನೇ ಬಾರಿ 21 ದಿನ. ಜನ ಗಿಂಗ್ರಿಚ್ ಕಡೆಯವರನ್ನೇ ಹೆಚ್ಚು ದೂರಿದರು. 1996ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಬಿಲ್ ಕ್ಲಿಂಟನ್ ಸುಲಭವಾಗಿ ಮರು ಆಯ್ಕೆಯಾದರು.

ಇನ್ನೊಂದು ಸಂಗತಿಯನ್ನು ಫಲಿತಾಂಶದ ರಾತ್ರಿಯ ಉಮೇದಿನಲ್ಲಿ ಎಲ್ಲರೂ ಮರೆಯುತ್ತಾರೆ. ಅಧ್ಯಕ್ಷರ ಪಕ್ಷ ಮಧ್ಯಾವಧಿಯಲ್ಲಿ ಸ್ಥಾನ ಕಳೆದುಕೊಳ್ಳುವುದು ಅಲ್ಲಿನ ವಾಡಿಕೆ. ಕಳೆದ ನೂರು ವರ್ಷಗಳಲ್ಲಿ ಪ್ರತಿನಿಧಿ ಸಭೆಯ ಮಟ್ಟಿಗೆ ಅದು ತಪ್ಪಿದ್ದು ಮೂರೇ ಸಲ: 1934, 1998 ಮತ್ತು 2002. ಸೋತು ಅಧಿಕಾರ ಕಳೆದುಕೊಂಡವರು ಸಿಟ್ಟಿನಿಂದ ಬಂದು ಮತ ಹಾಕುತ್ತಾರೆ, ಗೆಲ್ಲಿಸಿ ಕೂರಿಸಿದವರು ಆಲಸ್ಯದಿಂದ ಮನೆಯಲ್ಲಿರುತ್ತಾರೆ. ವರ್ಷವರ್ಷ ಬರುವ ಚಳಿಗಾಲಕ್ಕೆ ಆದೇಶ ಎನ್ನಲಾದೀತೇ? ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಕೇಳಿದರೆ ಮಾತ್ರ ಸುದ್ದಿ ಸಿಗುತ್ತದೆ. 2010ರಲ್ಲಿ ಬರಾಕ್ ಒಬಾಮ ಅವರ ಪಕ್ಷ 63 ಸ್ಥಾನ ಕಳೆದುಕೊಂಡದ್ದು ಸುದ್ದಿ. 2022ರಲ್ಲಿ ಜೋ ಬೈಡನ್ ಅವರ ಪಕ್ಷ ಬರೀ ಒಂಬತ್ತು ಕಳೆದುಕೊಂಡದ್ದೂ ಅಷ್ಟೇ ದೊಡ್ಡ ಸುದ್ದಿ.

ಮನೆಯಲ್ಲಿ ಉಳಿದವರ ಮಾತು ಬಂತು. 2014ರಲ್ಲಿ ಅರ್ಹ ಮತದಾರರ ಪೈಕಿ ಮತ ಹಾಕಿದವರು ಶೇ 36ರ ಆಸುಪಾಸು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ನಡೆದ ಚುನಾವಣೆಯ ಬಳಿಕ ಅಷ್ಟು ಕಡಿಮೆ ಆಗಿದ್ದೇ ಇಲ್ಲ. ಸೋತ ಮರುದಿನ ಒಬಾಮ, ಮತ ಹಾಕಿದವರ ದನಿ ನನಗೆ ಕೇಳಿಸಿದೆ, ಹಾಕದೆ ಉಳಿದ ಮೂರನೇ ಎರಡು ಭಾಗದವರ ದನಿಯೂ ಕೇಳಿಸಿದೆ ಎಂದರು. ಸೋತವನ ಚಾಲಾಕಿ ಮಾತು ಎಂದು ಆಗ ಎಲ್ಲರೂ ನಕ್ಕರು. ಮೌನಕ್ಕೂ ತನಗೆ ಬೇಕಾದ ಒಕ್ಕಣೆ ಬರೆದುಕೊಂಡ ಜಾಣತನ ಅದು. ಆದರೂ ಲೆಕ್ಕ ಸುಳ್ಳಾಗಿರಲಿಲ್ಲ.

‘ಜನಾದೇಶ’ ಎಂದು ತಾನೇ ಬಾಯಿಬಿಟ್ಟು ಕೇಳಿ ಕೈಸುಟ್ಟುಕೊಂಡವರು ಡೆಮಾಕ್ರಟಿಕ್ ಅಧ್ಯಕ್ಷ ವುಡ್ರೊ ವಿಲ್ಸನ್. ಮೊದಲ ಮಹಾಯುದ್ಧ ಮುಗಿಯುತ್ತ ಬಂದಾಗ, 1918ರ ಅಕ್ಟೋಬರ್ 25ರಂದು, ಶಾಂತಿ ಮಾತುಕತೆಯಲ್ಲಿ ನಾನು ದೇಶದ ಪರವಾಗಿ ಮಾತನಾಡಬೇಕಾದರೆ ಡೆಮಾಕ್ರಟರನ್ನೇ ಗೆಲ್ಲಿಸಿ ಎಂದು ಮನವಿ ಮಾಡಿದರು. ಎರಡೂ ಸದನಗಳು ಕೈತಪ್ಪಿದವು. ಈ ಮನುಷ್ಯನಿಗೆ ಇನ್ನು ಅಮೆರಿಕದ ಜನರ ಪರವಾಗಿ ಮಾತನಾಡುವ ಅಧಿಕಾರವಿಲ್ಲ ಎಂದು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಾರಿದರು. ಮುಂದೆ ಸೆನೆಟ್, ಆ ಮಾತುಕತೆಯಿಂದ ಬಂದ ವರ್ಸೈ ಶಾಂತಿ ಒಪ್ಪಂದವನ್ನು ತಿರಸ್ಕರಿಸಿತು, ರಾಷ್ಟ್ರಗಳ ಸಂಘಕ್ಕೆ ಅಮೆರಿಕ ಸೇರಲೇ ಇಲ್ಲ. ಶಾಲೆಯ ಪಾಠದಲ್ಲಿ ಇದು ನೇರವಾದ ಕಥೆ. ಒಳಗೆ ಇಣುಕಿದರೆ ಹಾಗಿಲ್ಲ. ಪಶ್ಚಿಮದ ರಾಜ್ಯಗಳ ರೈತರು ಸಿಟ್ಟಾಗಿದ್ದು ಗೋಧಿಯ ಬೆಲೆಗೆ: ಯುದ್ಧದ ನೆಪದಲ್ಲಿ ಸರ್ಕಾರ ಗೋಧಿ ಬೆಲೆಯನ್ನು ಕಟ್ಟಿಹಾಕಿ, ದಕ್ಷಿಣದವರು ಬೆಳೆಯುವ ಹತ್ತಿಯನ್ನು ಹಾಗೇ ಬಿಟ್ಟಿತ್ತು. ಇನ್ನು ಸೆನೆಟ್ ಹೋಗಿದ್ದು 49–47ರಲ್ಲಿ. ಮಿಷಿಗನ್‌ನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕೆಲವೇ ಸಾವಿರ ಮತಗಳಿಂದ ಸೋತಿದ್ದರು. ಅವರು ಮತ್ಯಾರೂ ಅಲ್ಲ, ಕಾರು ಮಾಡುವ ಹೆನ್ರಿ ಫೋರ್ಡ್. ಗೋಧಿ ಮತ್ತು ಫೋರ್ಡ್ ಸೇರಿ ಕೊಟ್ಟ ಫಲಿತಾಂಶವನ್ನು ಜಗತ್ತು ವರ್ಸೈ ಬಗೆಗಿನ ತೀರ್ಪೆಂದು ಓದಿತು.

ನಮ್ಮ ರಾಜ್ಯದಲ್ಲೂ ಒಬ್ಬರು ಒಂದು ಚುನಾವಣೆಯ ಫಲಿತಾಂಶವನ್ನು ಇನ್ನೊಂದರ ಜನಾದೇಶವೆಂದು ಓದಿದ್ದುಂಟು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ ಜನತಾ ಪಕ್ಷಕ್ಕೆ ನಾಲ್ಕೇ ಸ್ಥಾನ ಬಂದವು. ಜನರ ವಿಶ್ವಾಸ ಉಳಿದಿಲ್ಲವೆಂದು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 224ರಲ್ಲಿ 139 ಸ್ಥಾನ ಕೊಟ್ಟು ಅವರನ್ನು ವಾಪಸು ಕೂರಿಸಿದರು. ಹೆಗಡೆಯವರಿಗೆ ಮತ್ತೆ ಕೇಳಿ ನೋಡುವ ದಾರಿ ಇತ್ತು. ಅಮೆರಿಕದ ಅಧ್ಯಕ್ಷರಿಗೆ ಅದಿಲ್ಲ, ಉಳಿದ ಎರಡು ವರ್ಷ ಎಲ್ಲರೂ ಊಹೆಯ ಮೇಲೆಯೇ ಬದುಕಬೇಕು.

2022ರ ನವೆಂಬರ್‌ಗೆ ಬರೋಣ. ಆ ಜಗಳದ ಹುಡುಗ ಅಷ್ಟರಲ್ಲಿ ಪುಟದ ಹೊಣೆ ಹೊತ್ತಿದ್ದ. ಸಮೀಕ್ಷೆಗಳನ್ನು ನಂಬಿ ‘ಬೈಡನ್ ವಿರುದ್ಧ ಜನಾದೇಶ’ ಎಂದು ಮೊದಲೇ ಬರೆದಿಟ್ಟಿದ್ದ. ಬುಧವಾರ ಕಳೆಯಿತು, ಗುರುವಾರ ಕಳೆಯಿತು, ಪ್ರತಿನಿಧಿ ಸಭೆ ಯಾರದೆಂದು ಹೇಳಲು ಒಂದು ವಾರಕ್ಕೂ ಹೆಚ್ಚು ಬೇಕಾಯಿತು. ಕೊನೆಗೆ ರಿಪಬ್ಲಿಕನ್ನರಿಗೆ 222, ಡೆಮಾಕ್ರಟರಿಗೆ 213. ಸೆನೆಟ್ ಡೆಮಾಕ್ರಟರಲ್ಲೇ ಉಳಿಯಿತು. ‘ಕೆಳಮನೆ ರಿಪಬ್ಲಿಕನ್ನರಿಗೆ, ಸೆನೆಟ್ ಡೆಮಾಕ್ರಟರಿಗೆ’ ಎಂದು ಹಾಕು ಎಂದೆ. “ತುಂಬ ಸಪ್ಪೆಯಾಯಿತು ಸರ್” ಎಂದ. ಸಪ್ಪೆಯೇ ಇರಲಿ ಎಂದೆ. ಮುಖ ಗಂಟಿಕ್ಕಿಕೊಂಡೇ ಹಾಕಿದ.

ಜನವರಿಯಲ್ಲಿ ಆ ಗೆದ್ದ ಪಕ್ಷಕ್ಕೆ ತನ್ನದೇ ಸ್ಪೀಕರ್ ಕೆವಿನ್ ಮೆಕಾರ್ಥಿಯನ್ನು ಆರಿಸಲು 15 ಸುತ್ತು ಮತದಾನ ಬೇಕಾಯಿತು. ಆ ದಿನದ ಪುಟವನ್ನು ಅವನು ನನಗೆ ತೋರಿಸದೆಯೇ ಕಳುಹಿಸಿದ್ದ. ಬೆಳಿಗ್ಗೆ ಮನೆಯಲ್ಲಿ ಕಾಫಿ ಹಿಡಿದುಕೊಂಡು ನೋಡಿದೆ: ‘15ನೇ ಸುತ್ತಿಗೆ ಸ್ಪೀಕರ್ ಆಯ್ಕೆ’. ಎರಡೇ ಕಾಲಂ.